ಐದನೇ ನೀರು

ಮುಂಡರಗಿ ರಸ್ತೆಯ ಜೀನ್ಸ್ ವಾಷಿಂಗ್ ಯೂನಿಟ್ಟಿಗೆ
ನಾನು ಹೋದದ್ದು ಒಂದು ಬಕೀಟು, ಒಂದು ಸ್ಟಾಪ್‌ವಾಚು,
ಕಡ್ಡಿ ಮುರಿದ ಛತ್ರಿಯ ಜೊತೆ.
ನೀರಿನ ಲೆಕ್ಕ ಬರೆಯುವುದು ನನ್ನ ಕೆಲಸ.
ಮಾಲೀಕ ತುಳಜಾರಾವ್ ನಕ್ಕರು:
"ದುಡ್ಡಿನ ಲೆಕ್ಕಕ್ಕೆ ಬರೋರ್ನ ನೋಡೀನ್ರಿ,
ನೀರಿಗೂ ಆಡಿಟ್ಟೇನ್ರಿ ಮೇಡಂ?"

ಬೆಳಿಗ್ಗೆ ಹತ್ತಕ್ಕೇ ತಗಡಿನ ಸೂರು ಕಾದು ಟಿಕ್ ಟಿಕ್ ಅನ್ನುತ್ತಿತ್ತು.
ದೊಡ್ಡ ಹೊಟ್ಟೆಯ ಡ್ರಮ್ಮುಗಳೊಳಗೆ
ಇನ್ನೂ ಯಾರ ಸೊಂಟವನ್ನೂ ಕಾಣದ ಪ್ಯಾಂಟುಗಳು
ಕಲ್ಲಿನ ಜೊತೆ ಹೊರಳಿ ಹೊರಳಿ
ಹಳೆಯವಾಗುವುದನ್ನು ಕಲಿಯುತ್ತಿದ್ದವು.

ಗೇಟಿನಲ್ಲಿ ಮೌಲಾಲಿಯ ಟ್ಯಾಂಕರು.
ದಿನಕ್ಕೆ ಒಂಬತ್ತು ಟ್ರಿಪ್ಪು, ಒಂದಕ್ಕೆ ಎಂಟುನೂರು,
ಬೇಸಿಗೆ ಏರಿದರೆ ಅವನು ಹೇಳಿದಷ್ಟು.
ಪೈಪಿನ ಕೊರಳಿಗೆ ಸೈಕಲ್ ಟ್ಯೂಬಿನ ಪಟ್ಟಿ,
ಸಂದಿಯಿಂದ ದಾರದಷ್ಟು ಧಾರೆ. ಬಕೀಟು ಇಟ್ಟೆ.
ತುಂಬಲು ನಾಲ್ಕು ನಿಮಿಷ ಹನ್ನೊಂದು ಸೆಕೆಂಡು.
ಹಣವನ್ನು ನೀರಿನ ಹಾಗೆ ಚೆಲ್ಲಬೇಡ ಅನ್ನುತ್ತಿದ್ದಳು ಅವ್ವ.
ನೀರನ್ನು ಯಾವುದರ ಹಾಗೆ ಚೆಲ್ಲಬಾರದು ಅಂತ
ಹೇಳಿರಲಿಲ್ಲ.

ಅದು ಸಣ್ಣ ಸೋರಿಕೆ, ಒಂದು ವಾಷರಿನ ಮಾತು.
ದೊಡ್ಡದು ಸಿಕ್ಕಿದ್ದು ಮಧ್ಯಾಹ್ನ,
ಮಂಡಾಳ ಒಗ್ಗರಣೆ, ಮಿರ್ಚಿ ತಿಂದು ಕೈ ತೊಳೆದ ಮೇಲೆ.
ಒಂದು ಲಾಟಿಗೆ ಐದು ನೀರು.
ಮೊದಲನೆಯದು ನೇರಳೆ ಹಣ್ಣು ಹಿಂಡಿದ ಬಣ್ಣ,
ಎರಡನೆಯದು ಶಾಲೆಯ ಶಾಯಿ,
ಮೂರನೆಯದು ಸಂಜೆ ಆರೂವರೆ,
ನಾಲ್ಕನೆಯದರಲ್ಲಿ ನನ್ನ ಬೆರಳು ಕಂಡವು, ಉಗುರು ಸಮೇತ.
ಐದನೆಯದು
ಹೋದ ಹಾಗೇ ಬಂತು.

"ಇದ್ಯಾಕೆ?" ಕೇಳಿದೆ.
ಗಾದಿಲಿಂಗಪ್ಪ ಮೊಣಕೈವರೆಗೆ ನೀಲಿ,
ಇಪ್ಪತ್ತೆರಡು ವರ್ಷದ ನೀಲಿ.
"ಒಮ್ಮೆ ಒಂದು ಲಾಟು ವಾಪಸ್ ಬಂದಿತ್ರೀ,
ಯಾರದೋ ಬಿಳಿ ಸೋಫಾಕ್ಕೆ ಬಣ್ಣ ಹತ್ತೈತೆ ಅಂತ.
ಆವತ್ತು ಸಾವ್ಕಾರ್ರು ಇನ್ನೊಂದು ನೀರು ಹಾಕು ಅಂದ್ರು.
ಸಾಕು ಅಂತ ಯಾರೂ ಅನ್ಲಿಲ್ಲ."
ಯಾವ ವರ್ಷ?
"ನನ್ನ ಮಗಳು ಹುಟ್ಟಿದ ವರ್ಷ. ಈಗ ಪಿಯುಸಿ."

ಒಂದು ಸೋಫಾ. ಹದಿನೇಳು ವರ್ಷ.
ಹೊಳೆಯಲ್ಲಿ ಹುಣಸೆ ಕಿವುಚುವವರನ್ನು ಕೇಳಿದ್ದೆ,
ಇಲ್ಲಿ ಹೊಳೆಯನ್ನೂ ಕೊಂಡು ತಂದಿದ್ದರು.

ಬರೆದುಕೊಟ್ಟೆ: ಐದನೆಯದು ಬೇಡ. ನಾಲ್ಕನೆಯದನ್ನು
ಹಿತ್ತಲ ತೊಟ್ಟಿಯಲ್ಲಿ ಹಿಡಿದು
ಮುಂದಿನ ಲಾಟಿನ ಮೊದಲ ನೀರು ಮಾಡಿ.
ತುಳಜಾರಾವ್ ಒಂದು ವಾರ ಮಲಗಲಿಲ್ಲವಂತೆ.
ಎಂಟನೇ ದಿನ ಒಂದು ಪ್ಯಾಂಟು ಮನೆಗೆ ಒಯ್ದು
ಒದ್ದೆಯದನ್ನೇ ಹೆಂಡತಿಯ ಬಿಳಿ ದಿಂಬಿನ ಮೇಲೆ
ರಾತ್ರಿಯಿಡೀ ಇಟ್ಟು, ಬೆಳಿಗ್ಗೆ ಫೋನು ಮಾಡಿದರು:
"ದಿಂಬು ಬೆಳ್ಳಗೈತ್ರಿ. ಮನೆಯಾಕಿ ಮಾತ್ರ ಕೆಂಪಗಾಗ್ಯಾಳ."

ಒಂಬತ್ತು ಟ್ರಿಪ್ಪು ಆರಾಯಿತು.
ಕೊನೆಯ ಕಾಲಮ್ಮಿನಲ್ಲಿ ತಿಂಗಳ ಉಳಿತಾಯ:
ಅರವತ್ತೆರಡು ಸಾವಿರದ ನಾನೂರು.
ಸಹಿ ಹಾಕಿ ಹೊರಬಂದರೆ ಗೇಟಿನಲ್ಲಿ ಮೌಲಾಲಿ.
ಬೈಯಲಿಲ್ಲ.
"ನನ್ನ ಮೂರು ಟ್ರಿಪ್ಪು ಯಾವ ಕಾಲಮ್ಮಿನಾಗ ಬರ್ದೀರಿ?"
ನನ್ನ ಹಾಳೆಯಲ್ಲಿ ಅದಕ್ಕೆ ಮನೆ ಇರಲಿಲ್ಲ.
ಅವನು ರಿವರ್ಸ್ ತೆಗೆದುಕೊಂಡ,
ಒಳಗೆ ಅರ್ಧ ಟ್ಯಾಂಕು ನೀರು ತಾನೇ ತಾನಾಗಿ ಬಡಿದುಕೊಳ್ಳುತ್ತ
ಕೋಟೆ ಗುಡ್ಡದ ಕಡೆ ಹೋಯಿತು.

ಮನೆಗೆ ಬಂದು ನೋಡಿದರೆ ಬೆರಳ ಸಂದಿಯಲ್ಲಿ ನೀಲಿ.
ಒಂದು ಚೊಂಬು. ಎರಡು. ಸೋಪು ಹಚ್ಚಿ ಮೂರು, ನಾಲ್ಕು.
ಹೋಯಿತು.
ಆದರೂ ಕೈ ಐದನೆಯದನ್ನು ತುಂಬಿಕೊಂಡಿತ್ತು,
ನನಗೆ ಯಾರ ಸೋಫಾದ ಭಯವೋ.
ಅರ್ಧ ಬಗ್ಗಿಸಿದ್ದೆ,
ನಿಲ್ಲಿಸಿದೆ.