ಇಳಿಸೋದು

ಮುಧೋಳದ ಹಳೆ ಜಿನ್ನಿಂಗ್ ಗೋದಾಮಿನ ತೊಲಿಗೆ
ಇನ್ನೂ ಅಂಟಿಕೊಂಡದ ಹತ್ತಿಯ ಎಳಿ.
ಅದರ ಕೆಳಗ ಕಬ್ಬಿಣ.
ನಾಕು ಕಂಬಿ, ಹದಿನಾರು ಪ್ಲೇಟು,
ಅದರಾಗ ಒಂದು, ಒಡದು ವೆಲ್ಡಿಂಗ್ ಆದದ್ದು,
ಇನ್ನೂರು ಗ್ರಾಂ ಹೆಚ್ಚು ತೂಗತದ.
ಆ ಇನ್ನೂರನ್ನೂ ಲೆಕ್ಕಕ್ಕ ಹಿಡಿತಾರ
ಯಮನೂರಸಾಬ ನದಾಫ್ ಸರ್.

ಮೊದಲ ಮೂರು ತಿಂಗಳು ನನಗ ಕೊಟ್ಟದ್ದು
ಕಸಬರಿಗಿಯ ಕೋಲು.
ಹುಡುಗರು ನೂರು ಕಿಲೋ ಎತ್ತಿ
ಧಡಲ್ ಅಂತ ಒಗದು ಮೀಸಿ ತೀಡತಿದ್ರು.
ನಾನು ಕೋಲು ಹೆಗಲಿಗಿಟ್ಟು ಕುಂದರೋದು, ಏಳೋದು.
"ಏಳೂದಕ್ಕ ಏನವಸರ?
ಕುಂದರೂದಕ್ಕ ಮೂರು ಎಣಸು."

ಒಂದಿನ ಕೇಳಿದ್ರು:
"ನಿಮ್ಮವ್ವ ರೊಟ್ಟಿ ಬಡಿಯೂದು ನೋಡಿಯೇನು?"
ಇಲ್ಲ ಅಂದೆ.
ಹದಿನೇಳು ವರ್ಷ ಅದೇ ರೊಟ್ಟಿ ತಿಂದಾಕಿ.
ಮರುದಿನ ನಸುಕಿನ್ಯಾಗ ಒಲಿ ಮುಂದ ಕುಂತೆ.
ಖಾನಾವಳಿಗೆ ದಿನಾ ಮುನ್ನೂರು ಬಡೀತಾಳ ಅವ್ವ.
ಕಣ್ಣಿಗೆ ಕಾಣೂದು ಅಂಗೈ ಅಷ್ಟ.
ಬಡಿತ ಹುಟ್ಟೂದು ಕೆಳಗ, ಮಣಿಗೆ ಊರಿದ ಸೊಂಟದಾಗ.
ಬೆನ್ನೇರಿ, ತೋಳಿಳದು, ಹಿಟ್ಟು ಮುಟ್ಟತದ.
"ಏನ ಹಂಗ ನೋಡ್ತಿ?"
"ನಿನ್ನ ಸೊಂಟ."
ಹಿಟ್ಟಿನ ಕೈಲೇ ಬೆನ್ನಿಗೊಂದು ಬಿತ್ತು.

ಸರ್ ಕೊಟ್ಟ ವಹಿಯೊಳಗ
ಎಷ್ಟು ಎತ್ತಿದಿ ಅನ್ನೂದಕ್ಕ ಬೆರಳಗಲದ ಜಾಗ.
ಉಳಿದದ್ದೆಲ್ಲಾ
ಎಷ್ಟು ತಾಸು ಮಲಗಿದಿ, ಏನು ಉಂಡಿ,
ಯಾರ ಮ್ಯಾಲ ಸಿಟ್ಟು ಬಂತು,
ಮುಟ್ಟು ಎಂದು.
ನಾಚಿಕೊಂಡು ನಿಂತೆ.
"ಬಿತ್ತಾಂವ ಮೋಡದ ದಿಕ್ಕು ಕೇಳೂದಿಲ್ಲೇನು?
ಬರಿ."

ಬರದೆ. ಸುಳ್ಳನ್ನೂ ಬರದೆ.
ಕಂಬಿ ಮೊಣಕಾಲು ದಾಟೂದರಾಗ ಸರ್ ಕೈ ಎತ್ತಿದ್ರು:
"ನೀ ಎಂಟು ತಾಸು ಅಂತಿ.
ನಿನ್ನ ಕಂಬಿ ನಾಕು ತಾಸು ಅಂತದ.
ನಾ ಯಾರ ಮಾತು ನಂಬಲಿ?"
ಅವತ್ತು ಮನಿಗೆ ಕಳಿಸಿದ್ರು, ಮಲಗಲಿಕ್ಕೆ.
ಅತ್ತೆ. ಆಮ್ಯಾಲ ಮಲಗಿದೆ.

ಕರೆಂಟ್ ಹೋದ ಒಂದು ಸಂಜಿ
ಪ್ಲೇಟಿನ ಮ್ಯಾಲ ಕುಂತು ತಾವಾಗೇ ಹೇಳಿದ್ರು.
ಕಾರಹುಣ್ಣಿವಿ, ಇಪ್ಪತ್ತೆರಡರ ವಯಸ್ಸು,
ಹನಮಪ್ಪನ ಗುಡಿ ಮುಂದಿನ ಸಂಗ್ರಾಣಿ ಕಲ್ಲು.
"ಎದಿಮಟ ಬಂತು. ಹೆಗಲಿಗೆ ಬಂತು.
ಹಲಗಿ ಬಡದ್ರು, ರುಮಾಲು ತೂರಿದ್ರು.
ಎತ್ತೂದು ಎಲ್ಲಾರೂ ಕಲಿಸಿದ್ರವ್ವ.
ಇಳಿಸೂದು..."
ಅಷ್ಟರಾಗ ಕರೆಂಟ್ ಬಂತು.
"ನಡಿ, ಎರಡು ಸೆಟ್ ಉಳದಾವ."

ಬೆಳಗಾವಿಯ ಸ್ಪರ್ಧಾದಾಗ
ನನಗಿಂತ ಮೊದಲಿನಾಕಿ ನೂರಾ ಹತ್ತು ಎತ್ತಿದ್ಲು,
ಖುಷಿಯೊಳಗ ಕೈ ಬಿಟ್ಲು.
ಮೂರೂ ದೀಪ ಕೆಂಪು.
ನಂದು ನೂರಾ ಎರಡೂವರಿ.
ಎದ್ದಿತು, ನಿಂತಿತು, ಕೈ ಸನ್ನಿ ಆತು.
ಒಂದು. ಎರಡು. ಮೂರು.
ಅವ್ವ ಹಂಚಿಗೆ ರೊಟ್ಟಿ ಹಾಸಿದಂಗ
ಅಂಚು ಮುರಿಯದಂಗ ಇಟ್ಟೆ.
ನಾಕನೇ ನಂಬರ್ ಬಂದೆ. ನಾಕಕ್ಕ ಏನೂ ಕೊಡೂದಿಲ್ಲ.

ಬಸ್ ಸ್ಟ್ಯಾಂಡಿನ್ಯಾಗ ಸರ್ ನಂಬರ್ ಕೇಳಲಿಲ್ಲ.
"ಸಪ್ಪಳ ಆತೇನು?"
"ಇಲ್ಲ ಸರ್."
ಮುಧೋಳ ಬಸ್ ಬಂತು. ಹತ್ತಿದ್ವಿ.
ಮುಂದಿನ ಸೀಟಿನ ರಾಡ್ ಹಿಡದು
ಅವರು ಕುಂದರೂದನ್ನ ಅವತ್ತೇ ಮೊದಲ ಸಲ ನೋಡಿದೆ.
ತುಟಿ ಅಲುಗಾಡತಿದ್ದವು.
ಎರಡಕ್ಕ ಒಂದೀಟು ತಡದ್ರು, ಬೆವತರು.
ಮೂರನ್ನ
ನಾನೂ ಸಂಗಾಟ ಎಣಿಸಿದೆ.