ಹಲ್ಲುಗಳ ನಡುವೆ ಸಕ್ಕರೆ

ಎರ್ಜುರುಮಿನಲ್ಲಿ ಚಹಕ್ಕೆ ಸಕ್ಕರೆ ಬೆರೆಸುವುದಿಲ್ಲ.
ಇಕ್ಕಳದಲ್ಲಿ ಒಡೆದ ಗಟ್ಟಿ ಚೂರೊಂದನ್ನು
ಹಲ್ಲಿಗೆ ಕಚ್ಚಿಕೊಂಡು
ಅದರ ಮೇಲಿಂದ ಬಿಸಿಯನ್ನು ಹಾಯಿಸಬೇಕು,
ಒಂದೇ ಚೂರಿಗೆ ಮೂರು ಲೋಟ.
'ಇದು ಮಿತ, ಡಾಕ್ಟರಮ್ಮ,' ಅನ್ನುತ್ತಾನೆ ಜುಲ್ಕುಫ್ ಉಸ್ತಾ,
'ಕಲಸಿ ಕುಡಿಯುವವರು ಇಸ್ತಾಂಬುಲಿನವರು.'
ದಿನಕ್ಕೆ ಎಷ್ಟು ಲೋಟ ಎಂದು ಕೇಳಿದೆ.
ಲೆಕ್ಕ ಇಟ್ಟವರು ಯಾರು, ಅಂದ,
ಮೂವತ್ತಮೂರು ಮಣಿಯ ಜಪಸರಗಳಿಗೆ
ನಲವತ್ತು ವರ್ಷ ರಂಧ್ರ ಕೊರೆದವನು.

ನಾನು ಡಾಕ್ಟರಲ್ಲ. ರಕ್ತ ತೆಗೆಯುವವಳು.
ಗಿರಗಿರನೆ ತಿರುಗಿಸಿ, ಕೆಂಪನ್ನು ಕೆಳಗೆ ಕೂರಿಸಿ,
ಮೇಲೆ ನಿಂತ ಒಣಹುಲ್ಲಿನ ಬಣ್ಣದ ನೀರನ್ನು
ಬೆರಳುದ್ದದ ಕೊಳವೆಗಳಿಗೆ ಹಂಚಿ
ಹೆಸರು ಕಳಚಿ ನಂಬರು ತೊಡಿಸುವವಳು.
ಹೊರಗೆ ಸೊನ್ನೆಗಿಂತ ಇಪ್ಪತ್ತೇಳು ಕೆಳಗೆ,
ನನ್ನ ಪೆಟ್ಟಿಗೆಯೊಳಗೆ ಎಂಬತ್ತು ಕೆಳಗೆ.
ಈ ಊರಿನಲ್ಲಿ ಅದೂ ಒಂದು ನೆರೆಮನೆ.

ಅಧ್ಯಯನದ ಪ್ರಶ್ನೆ ಸರಳ:
ಸಕ್ಕರೆ ಹದ ತಪ್ಪಿದ ಮೈಯಲ್ಲಿ
ಗಡ್ಡೆಯ ಗುರುತು ಗಡ್ಡೆಯಿಲ್ಲದೆಯೂ ಏರುತ್ತದೆಯೆ?
ಸಿಎ ಹತ್ತೊಂಬತ್ತು-ಒಂಬತ್ತು. ಮೂವತ್ತೇಳರ ತನಕ ಕ್ಷೇಮ.
ಗೆರೆ ದಾಟಿತೋ,
ಮೇದೋಜೀರಕ ಎಂಬ ಪದವನ್ನು
ಯಾರಾದರೊಬ್ಬರು ಬಾಗಿಲು ಮುಚ್ಚಿ ಹೇಳಬೇಕು.

ಉಸ್ತಾನದು ತೊಂಬತ್ತೊಂದು.

ಮಗಳು ಮುನೆವ್ವೆರ್ ಕಾರಿಡಾರಿನಲ್ಲಿ ನಿಂತೇ
ಫೋನಿನಲ್ಲಿ ಓದಬಾರದ್ದನ್ನೆಲ್ಲ ಓದಿ ಮುಗಿಸಿ
ಕೈಗವಸು ಹಾಕಿಕೊಂಡಳು, ಬಿಚ್ಚಿದಳು, ಹಾಕಿಕೊಂಡಳು.
ಸ್ಕ್ಯಾನ್ ಆಯಿತು. ಬೆಟ್ಟ ಅಗೆದಾಯಿತು.
ಇಲಿಯೂ ಇರಲಿಲ್ಲ.
ಕೆಂಪುಕಣಗಳಿಗೆ ಪಾಕದಂತೆ ಅಂಟಿಕೊಂಡು
ಮೂರು ತಿಂಗಳ ಸರಾಸರಿ ಮಾತ್ರ
ಸಾಕ್ಷಿ ಹೇಳುತ್ತಿತ್ತು: ಹನ್ನೊಂದೂವರೆ.

ಇನ್ಸುಲಿನ್, ಬೆಳಿಗ್ಗೆ ಹದಿನಾಲ್ಕು, ರಾತ್ರಿ ಹತ್ತು.
ಸಕ್ಕರೆಯ ಜಾಗಕ್ಕೆ ಏನು ಕಚ್ಚಿಕೊಳ್ಳಲಿ, ಅಂದ.
ಒಣ ಏಪ್ರಿಕಾಟ್?
ಅದೂ ಸಕ್ಕರೆಯೇ.
ಹಾಗಾದರೆ ನಾಲಿಗೆಯನ್ನೇ ಕಚ್ಚಿಕೊಳ್ಳುತ್ತೇನೆ.
ಏಪ್ರಿಲ್ಲಿನಲ್ಲಿ, ರಸ್ತೆಬದಿಯ ಹಿಮ ಮಸಿಗಟ್ಟಿ ಕುಗ್ಗುವಾಗ
ಹನ್ನೊಂದೂವರೆ ಏಳಕ್ಕಿಳಿಯಿತು,
ತೊಂಬತ್ತೊಂದು ಮೂವತ್ತಕ್ಕೆ.
ಮುನೆವ್ವೆರ್ ಅಳಲಿಲ್ಲ. ನನ್ನ ಮೇಜಿನ ಮೇಲೆ
ಅಪ್ಪ ಕೊರೆದ ಕಪ್ಪುಕಲ್ಲಿನ ಮಣಿಯೊಂದನ್ನು ಇಟ್ಟು,
'ಉಣ್ಣೆಗೆ ಉಜ್ಜಿ ನೋಡಿ, ಅಸಲಿಯಾದರೆ
ಕಾಗದ ಎಳೆಯುತ್ತದೆ,' ಅಂದು ಹೋದಳು.

ನೂರಾ ಹನ್ನೆರಡು ಮಂದಿ. ಗ್ರಾಫಿನ ಚುಕ್ಕೆಗಳು
ಇಳಿಜಾರಿನಲ್ಲಿ ಮನೆಗೆ ಹೊರಟ ಕುರಿಮಂದೆ,
ಸಕ್ಕರೆ ಇಳಿದಂತೆ ಗುರುತೂ ಇಳಿದು.
ಒಂದು ಮಾತ್ರ ಗುಡ್ಡದ ಮೇಲೇ ಉಳಿಯಿತು.

ನಂಬರು ಅರವತ್ತೆಂಟು.
ಹೆಸರಿನ ಪಟ್ಟಿ ಬೀಗದೊಳಗಿದೆ, ಕೀಲಿ ನನ್ನಲ್ಲಿದೆ,
ಎರಡೂ ಬೇಕಿಲ್ಲ. ಗ್ಯುಲಿಜಾರ್ ಹನಿಮ್.
ಯಾವಾಗಲೂ ಎಡಗೈ ಚಾಚುತ್ತಿದ್ದಳು,
ಬಲಗೈಗೆ ಹಿಟ್ಟು ನಾದುವ ಕೆಲಸವಿದೆ ಎಂದು.
ಅವಳ ಸಕ್ಕರೆ ಎಲ್ಲರಿಗಿಂತ ಅಚ್ಚುಕಟ್ಟು.
ಚಹವನ್ನೇ ಬಿಟ್ಟಿದ್ದಳು. ದಿನಚರಿಯಲ್ಲಿ
'ಅರ್ಧ ಸೇಬು' ಎಂದು ಬರೆದು
'ಅರ್ಧ'ಕ್ಕೆ ಅಡಿಗೆರೆ ಎಳೆದಿದ್ದಳು.
ನಲವತ್ತು. ಎಂಬತ್ತೆಂಟು. ಇನ್ನೂರ ಹತ್ತು.

ಗಡ್ಡೆ ಸಿಕ್ಕವರು ಲೆಕ್ಕದಿಂದ ಹೊರಗೆ, ಅಂದರು ಪ್ರೊಫೆಸರ್.
ತಪ್ಪೇನಿಲ್ಲ. ನಿಯಮ ಮೊದಲೇ ಇತ್ತು,
ಟೈಪು ಮಾಡಿದವಳೇ ನಾನು.
ನೂರಾ ಹನ್ನೊಂದು ಎಂದು ತಿದ್ದಿದೆ.
ಗೆರೆ ಇನ್ನಷ್ಟು ಚೆಂದವಾಯಿತು.

ಸಂಜೆ ಮಣಿಯನ್ನು ಸ್ವೆಟರಿನ ತೋಳಿಗೆ ಉಜ್ಜಿದೆ.
ಫೈಲಿಗೆ ರಂಧ್ರ ಹೊಡೆದಾಗ ಉದುರಿದ
ಕಾಗದದ ಬಿಳಿ ಚುಕ್ಕೆಗಳು ಮೇಜಿನ ತುಂಬ.
ಒಂದು ಎದ್ದು ಬಂದು ಅಂಟಿಕೊಂಡಿತು.
ಅಸಲಿ.

ಮೇಲಿನ ಕಪಾಟಿನ ಎಡಮೂಲೆಯಲ್ಲಿ
ಅವಳ ನಾಲ್ಕು ಕೊಳವೆ ಇನ್ನೂ ಇವೆ,
ಸೊನ್ನೆಗಿಂತ ಎಂಬತ್ತು ಕೆಳಗೆ,
ಯಾರ ಲೆಕ್ಕಕ್ಕೂ ಇಲ್ಲದೆ,
ಕೆಡದೆ.