ಕುಂಟೆತ್ತಿನ ಗುಡ್ಡ ಹತ್ತೂ ಮಂದಿಗೆ

ಬಸ್ ಸ್ಟ್ಯಾಂಡಿನ್ಯಾಗ ಕೇಳಬ್ಯಾಡ್ರಿ.
ಎಲ್ಲಾರೂ ಬಾದಾಮಿ ಕಡೆ ಕೈ ಮಾಡ್ತಾರ.
ಗುಳೇದಗುಡ್ಡಕ್ಕ ಇಳದು, ಬಣ್ಣದ ಭಟ್ಟಿ ದಾಟಿ,
ಮಾಳಗಿ ಮ್ಯಾಲ ನೂಲು ಒಣಹಾಕಿದ ಮನಿ ಸಿಗೂತನಾ ನಡೀರಿ.
ನೂಲು ಕೆಂಪಿದ್ದರ ನಮ್ಮನಿ. ಹಸರಿದ್ದರ ಮುರಗೆಪ್ಪಂದು,
ಅಂವ ಮಾತಿಗೆ ಕೂಡಸ್ತಾನ, ಬಿಸಲೇರತೈತಿ.

ಆರಕ್ಕ ಬಿಡ್ರಿ. ಒಂಬತ್ತಕ್ಕ ಈ ಕೆಂಪು ಕಲ್ಲು
ರೊಟ್ಟಿ ಹಂಚು ಆಗತೈತಿ.
ನೀರು ಮೂರು ಬಾಟ್ಲಿ.
ಎರಡು ಸಾಕು ಅನಸತೈತಿ, ಸಾಲೂದಿಲ್ಲ.

ಕಲ್ಲಿನ ಕ್ವಾರಿ ಹಿಂದ ದಾರಿ ಎರಡಾಗತೈತಿ.
ಅಗಲಂದು ಹಿಡೀಬ್ಯಾಡ್ರಿ, ಅದು ಟ್ರ್ಯಾಕ್ಟರಿಂದು,
ಕಲ್ಲು ಮುಗದಲ್ಲೇ ಮುಗೀತೈತಿ.
ಆಡಿನ ಹಿಕ್ಕಿ ಬಿದ್ದಲ್ಲಿ ಹೆಜ್ಜಿ ಇಡ್ರಿ.
ಹಿಕ್ಕಿ ಹಸಿ ಇದ್ದರ
ದಾರಿ ಇವತ್ತೂ ಜೀವಂತ ಐತಿ ಅಂತ ತಿಳಕೋರಿ.

ಮುಂದ ಜಾರೂ ಬಂಡಿಗಲ್ಲು. ಹಾಸಿನ ಎಳಿಯಂಗ
ನೆಟ್ಟಗ ಏರಾಕ ಹೋದರ ಎದಿ ಒಡೀತೈತಿ.
ಹೊಕ್ಕಿನಂಗ ಹೋಗ್ರಿ,
ಅತ್ತಿಂದಿತ್ತ, ಇತ್ತಿಂದತ್ತ, ಒಂದೊಂದ ಗೇಣು ಮ್ಯಾಲ.
ನಲವತ್ತು ವರ್ಷ ಲಾಳಿ ಒಗದ ಕೈ ಹೇಳತೈತಿ,
ಗುಡ್ಡನೂ ಹಂಗ ನೇಯಬೇಕು.

ಯಾವನೋ ಹುಡುಗ ಸುಣ್ಣದಾಗ ಬಾಣ ಬರದಾನ.
ಮೊದಲಿನ ಮೂರು ಖರೆ.
ನಾಕನೇದು ಹೆಜ್ಜೇನಿನ ಕೆಳಗ ಒಯ್ಯತೈತಿ.
ಐದನೇದು ಇಲ್ಲ. ಅಂವ ಅಲ್ಲಿಂದ ಓಡಿ ಬಂದಾನ.
ಅತ್ತರ ಹಚಗೊಂಡು ಬರಬ್ಯಾಡ್ರಿ. ಬೀಡಿ ಹಚ್ಚಬ್ಯಾಡ್ರಿ.

ಮೂರನೇ ಬಾಣಕ್ಕ ಎಡಕ್ಕ ಒಂದು ಸಂದು,
ಬೆಕ್ಕೂ ತೂರೂದಿಲ್ಲ ಅನ್ನೂವಂಥಾದ್ದು.
ಮೊದಲು ಚೀಲ ದೂಡ್ರಿ,
ಆಮ್ಯಾಲ ಉಸರು ಪೂರಾ ಬಿಟ್ಟು, ಎಡ ಹೆಗಲು ಮುಂದ.
ಈ ಉಪಾಯ ಸಕ್ರೆವ್ವಂದು. ಸೀತಾಫಲದ ಬುಟ್ಟಿ
ಹಿಂಗ ದೂಡಿ ದಾಟಸತಿದ್ಲು.
ನಾ ಸಿಕ್ಕೊಂಡಾಗ ನಕ್ಕಿದ್ಲು:
'ಹೊಟ್ಟಿ ಮನ್ಯಾಗ ಇಟ್ಟು ಬಾ, ನೇಕಾರಣ್ಣ.'

ಮ್ಯಾಲ ಏನೂ ಇಲ್ಲ. ಮೊದಲೇ ಹೇಳತೀನಿ.
ಗುಡಿ ಇಲ್ಲ, ಧ್ವಜ ಇಲ್ಲ. ಹೆಸರಿನ ಎತ್ತಿನ ಕಲ್ಲೂ
ಯಾವ ಕಡಿಂದ ನೋಡಿದರೂ ಎತ್ತಿನಂಗ ಕಾಣೂದಿಲ್ಲ.
ಗಾಳಿ ನಿಂತರ ಊರಿನ ಮಗ್ಗದ ಸಪ್ಪಳ ಕೇಳಸತೈತಿ.
ಅದರಾಗ ನಮ್ಮದು ಯಾವುದು ಅಂತ ಕಿವಿಗೊಟ್ಟು ಹುಡುಕತಿದ್ದೆ,
ಆಮ್ಯಾಲ ನೆನಪಾಗತಿತ್ತು,
ನೇಯಾಂವ ಇಲ್ಲೇ ಕುಂತಾನ ಅಂತ.

ಇಳಿಯೂದು ಬ್ಯಾರೆ.
ಏರಿದ ದಾರಿ ಇಳಿಯೂ ಮುಂದ ಗುರ್ತು ಕೊಡೂದಿಲ್ಲ.
ಅದಕ್ಕ ಏರೂವಾಗನ ನೂರು ಹೆಜ್ಜಿಗೊಮ್ಮೆ ತಿರುಗಿ ನೋಡ್ರಿ.
ನಾ ಒಮ್ಮೆ ನೋಡಲಿಲ್ಲ. ಈ ಮೊಣಕಾಲು ಆ ದಿನದ್ದು.

ನಡುಬರಕ, ಕಳ್ಳಿ ಮರಿಗೆ, ಒಂದು ದೊಣಿ ಐತಿ.
ಆ ನೀರು ಕುಡೀಬ್ಯಾಡ್ರಿ. ಕೋಲು ಇಳಿಬಿಟ್ಟು ತಗೀರಿ ಸಾಕು.
ಹಸಿ ಆದಷ್ಟಕ್ಕ ಉಗುರಿಲೆ ಗೆರಿ ಕೊರದು
ಕೋಲು ನಮ್ಮ ಕಟ್ಟಿ ಮ್ಯಾಲ ಇಟ್ಟು ಹೋಗ್ರಿ.
ನಾ ಮಲಗಿದ್ದರ ಎಬ್ಬಸಬ್ಯಾಡ್ರಿ.
ಎಷ್ಟು ಗೇಣು ಅಂತ
ನಾನ ಅಳಕೋತೀನಿ.